ಓದುಗರು ಕೇಳಿದ್ದು: ಹೋಪಿಗಳ ಹಾವಿನ ಕುಣಿತ

ಪ್ರಶ್ನೆ: ಅಮೆರಿಕದ ಹೋಪಿ ಜನ ಜೀವಂತ ಹಾವನ್ನು ಬಾಯಲ್ಲಿ ಹಿಡಿದು ಕುಣಿಯುತ್ತಾರಂತೆ. ಇದು ಹಾವಿನ ಪೂಜೆಯೇ? ನಡೆಯುವುದು ಹೇಗೆ?

ಉತ್ತರ: ಪೂಜೆಯಲ್ಲ, ಮಳೆಗಾಗಿ ಇಡುವ ಮೊರೆ. ಹಾವು ಇಲ್ಲಿ ದೇವರಲ್ಲ, ದೂತ. ಅರಿಜೋನಾದ ಈಶಾನ್ಯದಲ್ಲಿ ನೆತ್ತಿ ಚಪ್ಪಟೆಯಾದ ಮೂರು ಗುಡ್ಡಗಳ ಸುತ್ತಮುತ್ತ ಹೋಪಿ ಊರುಗಳಿವೆ. ಅಲ್ಲಿ ವರ್ಷಕ್ಕೆ ಸುರಿಯುವ ಮಳೆ ಸುಮಾರು 25 ಸೆಂ.ಮೀ. ಮಾತ್ರ. ಅದನ್ನೇ ನಂಬಿ ಮೆಕ್ಕೆಜೋಳ ಬೆಳೆಯಬೇಕು. ತಳದ ತೇವ ಸಿಗಲೆಂದು ಬೀಜವನ್ನು ಒಂದು ಅಡಿಯಷ್ಟು ಆಳಕ್ಕೂ ಊರುವುದುಂಟು. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ, ಕುಣಿತವೂ ಆಗಸ್ಟ್‌ನಲ್ಲೇ. ಒಂದೊಂದು ಊರಿನಲ್ಲಿ ವರ್ಷ ಬಿಟ್ಟು ವರ್ಷ ನಡೆಯುವುದು ಪದ್ಧತಿ, ನಡುವಿನ ವರ್ಷ ಕೊಳಲು ಸಂಘ ಎಂಬ ಧಾರ್ಮಿಕ ಕೂಟದವರ ಆಚರಣೆಗೆ.

ಇದನ್ನು ನಡೆಸುವುದು ಹಾವು ಸಂಘ ಮತ್ತು ಜಿಂಕೆ ಸಂಘ ಎರಡೂ ಸೇರಿ. ಒಟ್ಟು ಒಂಬತ್ತು ದಿನದ ಕೆಲಸ. ಹೆಚ್ಚಿನದು ಕಿವಾದೊಳಗೆ, ಅಂದರೆ ಏಣಿಯಿಂದ ಇಳಿಯುವ ನೆಲಮಾಳಿಗೆಯಂಥ ಕೋಣೆಯಲ್ಲಿ, ಗುಟ್ಟಾಗಿ ಸಾಗುತ್ತದೆ. ನಾಲ್ಕು ದಿನ ದಿನಕ್ಕೊಂದು ದಿಕ್ಕಿನಂತೆ ಹೋಗಿ ಹಾವು ಹಿಡಿದು ತರುತ್ತಾರೆ. ಸುರುಳಿ ಸುತ್ತಿಕೊಂಡ ಹಾವಿಗೆ ಕೈ ಹಾಕುವುದಿಲ್ಲ, ಏಕೆಂದರೆ ಅದು ಹೆಚ್ಚಾಗಿ ಎರಗುವುದು ಆ ಸುರುಳಿಯಿಂದ. ಹದ್ದಿನ ಗರಿಗಳ ಚಾಟಿಯಿಂದ ನೇವರಿಸಿ, ಸುರುಳಿ ಬಿಚ್ಚಿ ಸರಿಯತೊಡಗಿದಾಗ ತಲೆಯ ಹಿಂದೆ ಹಿಡಿಯುತ್ತಾರೆ. ಕೊನೆಯ ದಿನ ಕಿವಾದಲ್ಲಿ ಅವಕ್ಕೆ ಯುಕ್ಕಾ ಎಂಬ ಒಣನೆಲದ ಗಿಡದ ಬೇರಿನ ನೊರೆಯಲ್ಲಿ ಸ್ನಾನ.

ಊರ ನಡುವಣ ಅಂಗಳದಲ್ಲಿ ಕಾಟನ್‌ವುಡ್ ಕೊಂಬೆಗಳ ಚಿಕ್ಕ ಗೂಡು ಕಟ್ಟಿ, ಹಾವುಗಳನ್ನು ಅದರೊಳಗೆ ಇಟ್ಟಿರುತ್ತಾರೆ. ಗೂಡಿನ ಮುಂದಿನ ಕುಳಿಗೆ ಹಲಗೆ ಮುಚ್ಚಿರುತ್ತದೆ. ಕುಣಿಯುವವರು ಅದನ್ನು ಕಾಲಿನಿಂದ ಜೋರಾಗಿ ತುಳಿದು ದಾಟುವುದು ಕೆಳಲೋಕದವರಿಗೆ ಸುದ್ದಿ ಮುಟ್ಟಿಸಲು. ಜಿಂಕೆ ಸಂಘದವರು ಸಾಲಾಗಿ ನಿಂತು ಗಿಲಕಿ ಆಡಿಸುತ್ತಾ ಹಾಡುತ್ತಾರೆ. ಹಾವು ಸಂಘದವರದು ಮೂವರ ಜೊತೆ: ಒಬ್ಬ ಹಾವನ್ನು ಬಾಯಲ್ಲಿ ಹಿಡಿದು ಸುತ್ತು ಬರುತ್ತಾನೆ, ಇನ್ನೊಬ್ಬ ಅವನ ಹೆಗಲ ಮೇಲೆ ಕೈಯಿಟ್ಟು ಗರಿಯಿಂದ ಹಾವನ್ನು ನೇವರಿಸುತ್ತಾನೆ, ಸುತ್ತು ಮುಗಿದು ನೆಲಕ್ಕಿಳಿದ ಹಾವನ್ನು ಎತ್ತಿಕೊಳ್ಳುವವನು ಮೂರನೆಯವನು.

ಹೊರಗಿನವರ ಕಣ್ಣೆಲ್ಲ ಆ ಬಾಯಿಯ ಮೇಲೆ. ನಮ್ಮ ದೃಷ್ಟಿಯಲ್ಲಿ ಅಸಲಿ ಘಟ್ಟ ಆಮೇಲಿನದು. ನೆಲದ ಮೇಲೆ ಜೋಳದ ಹಿಟ್ಟಿನಿಂದ ವೃತ್ತ ಬರೆದು ಹಾವುಗಳನ್ನೆಲ್ಲ ಅದರೊಳಗೆ ರಾಶಿ ಹಾಕುತ್ತಾರೆ, ಹೆಂಗಸರು ಮೇಲೆ ಹಿಟ್ಟು ಚೆಲ್ಲುತ್ತಾರೆ. ಕೂಡಲೇ ಸಂಘದವರು ಕೈತುಂಬ ಹಾವು ಬಾಚಿಕೊಂಡು ಗುಡ್ಡದಿಂದ ಇಳಿದು ನಾಲ್ಕು ದಿಕ್ಕಿಗೂ ಓಡಿ ಬಿಟ್ಟುಬರುತ್ತಾರೆ. ಮೊರೆ ಹೊತ್ತ ದೂತರು ಹೊರಡುವುದು ಆಗಲೇ. ಮರಳಿದವರು ವಾಂತಿ ಮಾಡಿಸುವ ಕಷಾಯ ಕುಡಿದು ಶುದ್ಧರಾಗುತ್ತಾರೆ, ಊಟವೇನಿದ್ದರೂ ಆಮೇಲೆ.

ಪ್ರಶ್ನೆ: ವಿಷದ ಹಲ್ಲು ಮೊದಲೇ ಕಿತ್ತಿರುತ್ತಾರಲ್ಲವೇ?

ಉತ್ತರ: ತಂದ ಹಾವುಗಳಲ್ಲಿ ವಿಷವಿಲ್ಲದವೂ ಇರುತ್ತವೆ, ಬಾಲದಲ್ಲಿ ಗಿಲಕಿಯಿರುವ ವಿಷದ ರ‍್ಯಾಟಲ್ ಹಾವುಗಳೂ ಇರುತ್ತವೆ. 19ನೇ ಶತಮಾನದ ಕೊನೆಯಲ್ಲಿ ಪರೀಕ್ಷಿಸಿದ ಹಾವುಗಳಲ್ಲಿ ಹಲ್ಲೂ ವಿಷವೂ ಹಾಗೇ ಇದ್ದವು. 20ನೇ ಶತಮಾನದಲ್ಲಿ ಹಲ್ಲು ತೆಗೆದ ಹಾವೂ ಸಿಕ್ಕಿದೆ. ಹಾಗಾಗಿ ಒಂದೇ ಮಾತಿನಲ್ಲಿ ‘ಎಲ್ಲ ಮೋಸ’ ಎನ್ನುವವರನ್ನೂ ‘ಎಲ್ಲ ಪವಾಡ’ ಎನ್ನುವವರನ್ನೂ ನಂಬಬೇಡಿ.

ಪ್ರಶ್ನೆ: ಇದರಲ್ಲಿ ಕಚೀನಾ ಮುಖವಾಡ ಇರುತ್ತದೆಯೇ?

ಉತ್ತರ: ಇಲ್ಲ. ಕಚೀನಾ ಎಂದರೆ ಹೋಪಿಗಳು ನಂಬುವ ಚೇತನಗಳು. ಜುಲೈನಲ್ಲಿ ಅವನ್ನು ಬೀಳ್ಕೊಡುವ ನಿಮಾನ್ ಕುಣಿತ ಮುಗಿದೊಡನೆ ಆ ಚೇತನಗಳು ಅರಿಜೋನಾದ ಸಾನ್ ಫ್ರಾನ್ಸಿಸ್ಕೊ ಶಿಖರಗಳಿಗೆ ಮರಳಿದವೆಂದೇ ಲೆಕ್ಕ.

ಪ್ರಶ್ನೆ: ನಾವು ಹೋಗಿ ನೋಡಬಹುದೇ?

ಉತ್ತರ: ಹಾವಿನ ಕುಣಿತವನ್ನು ಈಗ ಹೊರಗಿನವರಿಗೆ ತೋರಿಸುವುದಿಲ್ಲ ಎಂದೇ ತಿಳಿಯಿರಿ. ಹಿಂದೆ ಹಾಗಿರಲಿಲ್ಲ, 1913ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಕೂಡ ವಾಲ್ಪಿ ಎಂಬ ಹೋಪಿ ಊರಿನಲ್ಲಿ ನೋಡಿದ್ದರು. ಕ್ಯಾಮೆರಾ ಹಿಡಿದವರ ನೂಕುನುಗ್ಗಲು ಮಿತಿಮೀರಿದಾಗ ಮೊದಲು ಫೋಟೋ ನಿಂತಿತು, ಆಮೇಲೆ ಪ್ರವೇಶವೂ. ಇತ್ತ ಅರಿಜೋನಾದ್ದೇ ಆದ ಪ್ರೆಸ್ಕಾಟ್ ಪಟ್ಟಣದ ಬಿಳಿಯರ ಸ್ಮೋಕಿ ಎಂಬ ಕೂಟ 1921ರಿಂದ ಇದನ್ನು ಅಣಕದಂತೆ ಆಡುತ್ತಿತ್ತು. ಹೋಪಿಗಳ ವಿರೋಧದ ನಂತರ 1990ರ ಹೊತ್ತಿಗೆ ನಿಂತಿತು.

ಹೊರಗಿನವರನ್ನು ಬಿಟ್ಟುಕೊಳ್ಳುವ ಬೇರೆ ಕುಣಿತಗಳೂ ಇವೆ. ಆದರೆ ಒಂದು ಊರಿನ ನಿಯಮ ಇನ್ನೊಂದಕ್ಕೆ ಹೊಂದದು; ಹೊರಡುವ ಮೊದಲು ಆಯಾ ಊರಿನವರನ್ನೇ ಕೇಳಿ. ಫೋಟೋ, ಧ್ವನಿಮುದ್ರಣ, ಚಿತ್ರ ಬರೆಯುವುದು, ಟಿಪ್ಪಣಿ ಗೀಚುವುದು ಎಲ್ಲಕ್ಕೂ ನಿಷೇಧವಿದೆ. ಮೈ ಮುಚ್ಚುವ ಬಟ್ಟೆ ತೊಡಿ, ಹಿಂದೆ ನಿಲ್ಲಿ, ಚಪ್ಪಾಳೆ ತಟ್ಟಬೇಡಿ.