ಗೊರಕೆಯ ಕಾಯಿಲೆಯನ್ನು ರಕ್ತದಲ್ಲಿ ಹುಡುಕಿದವನ ಉತ್ತರ

ಹಗಲು ತೂಕಡಿಕೆ ಇಲ್ಲ, ಗೊರಕೆ ಮಾತ್ರ ಇದೆ, ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ) ಹೌದೋ ಅಲ್ಲವೋ ಅಂತ ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದೆಯೇ ಅಂತ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ ತಿಳಿದುಕೊಳ್ಳಬಹುದಾ ಅಂತ ಕೇಳಿದ್ದೀರಿ. ನಾನು ಅದನ್ನೇ ಮಾಡಿ ಎರಡು ವರ್ಷ ಹಾಳು ಮಾಡಿಕೊಂಡೆ.

ನನ್ನ ಗೊರಕೆ ಮನೆಮಂದಿಗೆಲ್ಲ ತಮಾಷೆ. ಹೆಂಡತಿಗೆ ಮಾತ್ರ ಅಲ್ಲ. "ಗೊರಕೆ ಹೊಡೀವಾಗ ನಂಗೆ ಭಯ ಇಲ್ಲ, ಅದು ನಿಂತಾಗ ಭಯ ಆಗುತ್ತೆ. ಉಸಿರೇ ಇರಲ್ಲ. ಆಮೇಲೆ ನೀರಿಂದ ಎದ್ದವರ ಹಾಗೆ ಎಳ್ಕೋತೀರಿ" ಅಂದಳು. ನಾನೋ ಅರ್ಧಂಬರ್ಧ ಓದಿಕೊಂಡವನು. ರಾತ್ರಿಯಿಡೀ ಆಮ್ಲಜನಕ ಇಳಿದು ಏರಿದರೆ ಮೈಯಲ್ಲಿ ಉರಿಯೂತ ಹೆಚ್ಚುತ್ತದೆ, ಸಿಆರ್‌ಪಿ, ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಗುರುತುಗಳು ರಕ್ತದಲ್ಲಿ ಏರುತ್ತವೆ ಅಂತ ಗೊತ್ತಿತ್ತು. ಸಿಆರ್‌ಪಿ ಮಾಡಿಸಿದೆ. ನಾರ್ಮಲ್ ಬಂತು. ರಿಪೋರ್ಟನ್ನು ಅವಳ ಮುಂದೆ ಹಿಡಿದು "ನೋಡು" ಅಂದೆ.

ತಪ್ಪಿದ್ದು ಅಲ್ಲೇ. ಈ ಕಾಯಿಲೆ ಇರುವ ನೂರಾರು ಜನರ ಸರಾಸರಿ ತೆಗೆದರೆ ಸಿಆರ್‌ಪಿ ಜಾಸ್ತಿ ಇರುತ್ತದೆ, ನಿಜ. ಆದರೆ ತೂಕ ಹೆಚ್ಚಿದ್ದರೂ ಏರುತ್ತದೆ, ಸೋಂಕು ತಗುಲಿದರೂ ಏರುತ್ತದೆ. ಕಾಯಿಲೆ ಇದ್ದೂ ಏರದೆ ಇರಬಹುದು. ಗುಂಪಿನ ಸರಾಸರಿಯನ್ನು ನಾನು ನನ್ನೊಬ್ಬನ ಮೇಲಿನ ತೀರ್ಪು ಅಂದುಕೊಂಡೆ. ಗಂಟಲು ಮುಚ್ಚಿಕೊಳ್ಳುವುದು ನಿದ್ದೆಯಲ್ಲಿ. ನಾನು ಹುಡುಕಿದ್ದು ಬೆಳಗ್ಗೆ ಎಚ್ಚರವಿದ್ದಾಗ, ತೋಳಿನ ರಕ್ತದಲ್ಲಿ! ಪಕ್ಕದಲ್ಲೇ ಕಣ್ಣಾರೆ ಕಂಡವಳ ಮಾತಿಗಿಂತ ಒಂದು ಹಾಳೆ ಹೆಚ್ಚಾಯಿತು.

ಅಷ್ಟರಲ್ಲಿ ಬಿಪಿ ಮಾತ್ರೆ ಒಂದರಿಂದ ಮೂರಾಯಿತು. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಿದ್ದೆ, ಸಕ್ಕರೆ ಕಾಯಿಲೆಯೇ ಇರಬೇಕು ಅಂತ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿದೆ. 6.1 ಬಂತು, ಸಕ್ಕರೆ ಕಾಯಿಲೆಯ ಗಡಿಯಾದ 6.5 ದಾಟಿಲ್ಲ ಅಂತ ಖುಷಿಪಟ್ಟೆ. ಗಂಟಲು ಮುಚ್ಚಿದಾಗ ಉಸಿರೆಳೆಯಲು ಒದ್ದಾಡುತ್ತೇವಲ್ಲ, ಆಗ ಹೃದಯ ಹಿಗ್ಗಿ ಎಎನ್‌ಪಿ ಎಂಬ ಹಾರ್ಮೋನು ಬಿಡುತ್ತದೆ, ಅದರಿಂದ ಮೂತ್ರ ಹೆಚ್ಚುತ್ತದೆ ಅಂತ ಆಮೇಲೆ ತಿಳಿಯಿತು.

ಕೊನೆಗೆ ಬಿಪಿ ನೋಡುವ ಡಾಕ್ಟರು ಟೇಪ್ ಹಿಡಿದು ಕತ್ತು ಅಳೆದರು. 43 ಸೆಂಟಿಮೀಟರ್. "ಮೂರು ಮಾತ್ರೆಗೂ ಬಗ್ಗದ ಬಿಪಿ, ಇಷ್ಟು ದಪ್ಪ ಕತ್ತು, ಈ ಗೊರಕೆ. ಮೊದಲು ಸ್ಲೀಪ್ ಸ್ಟಡಿ ಮಾಡಿಸಿ" ಅಂದರು. ಅಂದರೆ ಮಲಗಿದ್ದಾಗ ರಾತ್ರಿಯಿಡೀ ಉಸಿರು, ಆಮ್ಲಜನಕ ಅಳೆಯುವ ಪರೀಕ್ಷೆ. ಮಾಡಿಸಿದೆ. ಗಂಟೆಗೆ 42 ಸಲ ಉಸಿರು ನಿಲ್ಲುತ್ತಿತ್ತು ಇಲ್ಲವೇ ಕುಗ್ಗುತ್ತಿತ್ತು, ಪ್ರತಿ ಸಲ ಕನಿಷ್ಠ 10 ಸೆಕೆಂಡು. 30 ದಾಟಿದರೆ ತೀವ್ರ ಅಂತ ಲೆಕ್ಕ.

ಈಗ ಸಿಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಯಂತ್ರ) ಹಾಕಿಕೊಂಡು ಮಲಗುತ್ತೇನೆ. ಮೊದಲ ತಿಂಗಳು ಆ ಮಾಸ್ಕ್ ಕಿತ್ತೆಸೆಯಬೇಕು ಅನಿಸುತ್ತಿತ್ತು. ಆದರೆ ರಾತ್ರಿ ಏಳುವುದು ನಿಂತಿತು. ಬಿಪಿಗೆ ಇನ್ನೂ ಎರಡು ಮಾತ್ರೆ ಬೇಕು. ಯಂತ್ರ ಹಾಕಿಕೊಂಡರೆ ಹೃದಯಾಘಾತ ತಪ್ಪುತ್ತದೆ ಅಂತ ನಾನು ಹೇಳುವುದಿಲ್ಲ. ಸಿಪ್ಯಾಪ್ ಹಾಕಿಕೊಂಡರೆ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗುತ್ತವೆಯೇ ಅಂತ ನೋಡಿದ, 2016ರಲ್ಲಿ ಪ್ರಕಟವಾದ ಸೇವ್ (SAVE) ಎಂಬ ಅಧ್ಯಯನದಲ್ಲಿ ಹಾಗೇನೂ ಕಾಣಲಿಲ್ಲ. ಅದರಲ್ಲಿದ್ದವರು ಹಾಕಿಕೊಂಡದ್ದೂ ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಅನ್ನಿ.

ಹಾಗಾಗಿ ಯಾವ ರಕ್ತ ಪರೀಕ್ಷೆ ಅನ್ನುವ ಪ್ರಶ್ನೆಯೇ ಬೇಡ. ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ, ಅದು ಅದರ ಪಾಡಿಗೆ. ಅಪ್ನಿಯಾ ಇದೆಯೋ ಇಲ್ಲವೋ ಅಂತ ಅವು ಹೇಳುವುದಿಲ್ಲ. ತೂಕಡಿಕೆ ಇಲ್ಲ ಅನ್ನುವ ಸಮಾಧಾನವೂ ಬೇಡ, ಎಷ್ಟೋ ಜನರಿಗೆ ಅದು ಬರುವುದೇ ಇಲ್ಲ. ಪಕ್ಕ ಮಲಗುವವರಿಗೆ ಹೇಳಿ ಇವತ್ತೇ ಫೋನಿನಲ್ಲಿ ರೆಕಾರ್ಡ್ ಮಾಡಿಸಿ. ಗೊರಕೆಯನ್ನಲ್ಲ, ಗೊರಕೆ ನಿಂತ ಹೊತ್ತನ್ನು. ಅದನ್ನು ಡಾಕ್ಟರಿಗೆ ತೋರಿಸಿ ಸ್ಲೀಪ್ ಸ್ಟಡಿ ಬರೆಸಿಕೊಳ್ಳಿ.