ಲ್ಯಾಪ್‌ಟಾಪ್‌ನಲ್ಲಿ ಕೀಗಳು ತಪ್ಪು ಜಾಗದಲ್ಲಿದ್ದರೆ ಏನು ಮಾಡೋದು?

ಹೊಸ ಲ್ಯಾಪ್‌ಟಾಪ್‌ನಲ್ಲಿ ಡಿಲೀಟ್ ಪಕ್ಕದಲ್ಲೇ ಪವರ್ ಬಟನ್, ಬಲಗಡೆ ಶಿಫ್ಟ್‌ಗೆ ಅಂಟಿಕೊಂಡು ಅಪ್ ಆ್ಯರೋ, ಜೊತೆಗೆ ಕ್ಯಾಪ್ಸ್ ಲಾಕ್ ಕಾಟ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 'ನುಡಿ'ಯಲ್ಲಿ ಟೈಪ್ ಮಾಡೋದೇ ಕಷ್ಟವಾಗಿದೆ, ಅಭ್ಯಾಸ ಆಗುತ್ತಾ ಅಂತ ಕೇಳಿದ್ದೀರಿ. ನಾನೂ ದಿನವಿಡೀ ಕನ್ನಡ ಟೈಪ್ ಮಾಡುವವನು. ಅಭ್ಯಾಸ ಆಗಲಿ ಅಂತ ಕಾಯಬೇಡಿ. ಕೀ ಏನು ಕೆಲಸ ಮಾಡಬೇಕು ಅನ್ನೋದನ್ನೇ ಬದಲಾಯಿಸಿಬಿಡಿ.

ಪವರ್ ಬಟನ್ ಸುಲಭ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್‌ಗೆ ಹೋಗಿ, ಆ ಬಟನ್ ಒತ್ತಿದರೆ ಏನೂ ಆಗಬಾರದು ಅಂತ ಆರಿಸಿ. ಬ್ಯಾಟರಿಗೂ ಚಾರ್ಜರ್‌ಗೂ ಬೇರೆ ಬೇರೆ ಆಯ್ಕೆ ಇರುತ್ತದೆ, ಎರಡನ್ನೂ ಬದಲಿಸಿ. ಕಂಪ್ಯೂಟರ್ ಸ್ಟಕ್ ಆದಾಗ ಏನು ಗತಿ ಅಂತ ಹೆದರಬೇಡಿ. ಬಟನ್ ಒತ್ತಿ ಹಿಡಿದರೆ ಆಗಲೂ ಆಫ್ ಆಗುತ್ತದೆ.

ನಿಜವಾದ ತೊಂದರೆ ಅಪ್ ಆ್ಯರೋದು. ಇಂಗ್ಲಿಷ್ ಟೈಪ್ ಮಾಡುವವರಿಗೆ ಶಿಫ್ಟ್ ಅಪರೂಪ. ನಮಗೆ ಹಾಗಲ್ಲ. ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ಅವರ ಲೇಔಟ್‌ನಲ್ಲಿ, ಅಂದರೆ ಯಾವ ಕೀಗೆ ಯಾವ ಅಕ್ಷರ ಅನ್ನೋ ಜೋಡಣೆಯಲ್ಲಿ, ಆ, ಏ, ಥ, ಧ, ಭ, ಶ ಎಲ್ಲಕ್ಕೂ ಶಿಫ್ಟ್ ಬೇಕು. ಇವೆಲ್ಲ ಎಡಗೈ ಕೀಗಳು, ಹಾಗಾಗಿ ಬಲಗಡೆಯ ಶಿಫ್ಟ್ ಒತ್ತಬೇಕು. 'ಮಾತು' ಅಂತ ಹೊಡೆಯುವಾಗ ಬೆರಳು ಸ್ವಲ್ಪ ಜಾರಿ ಆ್ಯರೋ ಮೇಲೆ ಬಿದ್ದರೆ 'ಮ' ಇಲ್ಲೇ ಉಳಿದು, 'ತು' ಮೇಲಿನ ಸಾಲಿನಲ್ಲಿ ಹೋಗಿ ಕೂರುತ್ತದೆ. ಸ್ಕ್ರೀನ್ ನೋಡದೆ ಟೈಪ್ ಮಾಡುವವರಿಗೆ ಇದು ಗೊತ್ತೇ ಆಗೋದಿಲ್ಲ. ಇಂಥ ಕೀಬೋರ್ಡ್ ಮಾಡುವವರು ಒಂದು ಪುಟ ಕನ್ನಡ ಟೈಪ್ ಮಾಡಿ ನೋಡಬೇಕಿತ್ತು ಅಂತ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಇದಕ್ಕೆ ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಅದರ ಕೀಬೋರ್ಡ್ ಮ್ಯಾನೇಜರ್‌ನಲ್ಲಿ ಅಪ್ ಆ್ಯರೋವನ್ನು ಬಲಗಡೆಯ ಶಿಫ್ಟ್ ಮಾಡಿ, ಪೇಜ್ ಅಪ್ ಅನ್ನು ಅಪ್ ಆ್ಯರೋ ಮಾಡಿ. ಪೇಜ್ ಅಪ್ ಕೈಬಿಟ್ಟರೂ ಸ್ಕ್ರಾಲ್ ಮಾಡೋಕೆ ಟಚ್‌ಪ್ಯಾಡ್ ಇದ್ದೇ ಇದೆ. ಬೇರೆಯವರು ಆ ಲ್ಯಾಪ್‌ಟಾಪ್ ಬಳಸುವಾಗ ಒಂದೇ ಸ್ವಿಚ್‌ನಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡಬಹುದು.

ಕ್ಯಾಪ್ಸ್ ಲಾಕ್ ಅನ್ನು ಅಲ್ಲೇ ಎಡ ಶಿಫ್ಟ್ ಮಾಡಿ. ಖ, ಳ, ಣ, ಈ, ಊ, ಓ ಬಲಗೈ ಕಡೆ ಇರೋದರಿಂದ ಅವಕ್ಕೆ ಎಡ ಶಿಫ್ಟ್ ಒತ್ತಬೇಕು, ಹೀಗೆ ಮಾಡಿದರೆ ಎಡ ಕಿರುಬೆರಳಿಗೆ ದೊಡ್ಡ ಜಾಗ ಸಿಗುತ್ತದೆ. ಅಂದಹಾಗೆ, 1981ರ ಐಬಿಎಂ ಪಿಸಿಯಲ್ಲಿ ಆ ಜಾಗದಲ್ಲಿ ಇದ್ದದ್ದು ಕಂಟ್ರೋಲ್ ಕೀ. ಅಷ್ಟು ಕೈಗೆಟಕುವ ಜಾಗವನ್ನು ಕ್ಯಾಪ್ಸ್ ಲಾಕ್‌ಗೆ ಕೊಟ್ಟದ್ದು ನನ್ನ ಪ್ರಕಾರ ದಂಡ.

ಒಂದು ವಿಷಯ ನೆನಪಿರಲಿ: ಪವರ್‌ಟಾಯ್ಸ್ ಓಡುತ್ತಿದ್ದರೆ ಮಾತ್ರ ಈ ಬದಲಾವಣೆ ಇರುತ್ತದೆ, ಲಾಗಿನ್ ಪಾಸ್‌ವರ್ಡ್ ಹಾಕುವಾಗ ಇರೋದಿಲ್ಲ. ಅಲ್ಲೂ ಬೇಕೆಂದರೆ ಶಾರ್ಪ್‌ಕೀಸ್ ಅನ್ನೋ ಸಾಫ್ಟ್‌ವೇರ್ ನೋಡಿ. ಅದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲೇ ಬರೆಯುತ್ತದೆ, ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸಾಕು. ಆಫೀಸ್ ಲ್ಯಾಪ್‌ಟಾಪ್ ಆದರೆ ಅಡ್ಮಿನ್ ಅನುಮತಿ ಕೇಳಬಹುದು.

ಎಫ್‌ಎನ್ ಕೀ ಮಾತ್ರ ಇವುಗಳ ಮಾತು ಕೇಳುವುದು ಕಷ್ಟ. ಸಾಮಾನ್ಯವಾಗಿ ಅದನ್ನು ಲ್ಯಾಪ್‌ಟಾಪ್‌ನ ಯಂತ್ರದೊಳಗೇ ಇರುವ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ನೋಡಿಕೊಳ್ಳುತ್ತದೆ. ಹಲವು ಥಿಂಕ್‌ಪ್ಯಾಡ್‌ಗಳಲ್ಲಿ ಎಫ್‌ಎನ್, ಕಂಟ್ರೋಲ್ ಅದಲುಬದಲು ಮಾಡುವ ಆಯ್ಕೆ ಬಯೋಸ್‌ನಲ್ಲೇ, ಅಂದರೆ ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್‌ನಲ್ಲೇ ಇದೆ. ನಿಮ್ಮದರಲ್ಲೂ ಒಮ್ಮೆ ಹುಡುಕಿ ನೋಡಿ.