ಎಲ್ರಿಗೂ ಕರೆ ಕೇಳಿಸಿದೆ, ನನಗ್ಯಾಕೆ ಕೇಳಿಸ್ತಿಲ್ಲ?

ಪ್ರಶ್ನೆ: ಅಕ್ಕಾ, ನಾನು ಒಂದು ಕ್ರಿಶ್ಚಿಯನ್ ಯೂನಿವರ್ಸಿಟಿಲಿ ಎರಡನೇ ವರ್ಷ ಬಯಾಲಜಿ ಓದ್ತಿದೀನಿ. ಸೇರಿದ ಮೊದಲನೇ ವಾರ ಹುಮ್ಮಸ್ಸಲ್ಲಿ ಏಳು ಕ್ಲಬ್ಬಿಗೆ ಹೆಸರು ಕೊಟ್ಟಿದ್ದೆ, ಈಗ ಒಂದಕ್ಕೂ ಹೋಗ್ತಿಲ್ಲ. ಚಾಪೆಲ್‌ಗೆ, ಅಂದ್ರೆ ಕ್ಯಾಂಪಸ್ಸಿನ ಪ್ರಾರ್ಥನಾ ಮಂದಿರಕ್ಕೆ, ಹೋಗೋದು ಕಡ್ಡಾಯ ಅಂತ ಕಾರ್ಡ್ ತೋರಿಸಿ ಒಳಗೆ ಹೋಗಿ ಕೊನೇ ಸಾಲಲ್ಲಿ ಫೋನ್ ನೋಡ್ತಾ ಕೂತಿರ್ತೀನಿ. ನನ್ನ ರೂಂಮೇಟ್ ಬೈಬಲ್ ಸ್ಟಡಿ ನಡೆಸ್ತಾಳೆ, ದೇವರು ನನ್ನನ್ನ ನರ್ಸ್ ಆಗೋಕೆ ಕರೆದಿದಾನೆ ಅಂತ ಖಡಾಖಂಡಿತವಾಗಿ ಹೇಳ್ತಾಳೆ. ನಿನ್ನ ಬಗ್ಗೆನೂ ದೇವರಿಗೊಂದು ಯೋಜನೆ ಇದೆ ಅಂತ ಎಲ್ರೂ ಹೇಳ್ತಾರೆ, ಅದೇನು ಅಂತ ನನಗೊಬ್ಬಳಿಗೇ ಗೊತ್ತಾಗ್ತಿಲ್ಲ. ನನ್ನ ನಂಬಿಕೆಲೇ ಏನಾದ್ರೂ ಕೊರತೆ ಇದ್ಯಾ?

ಉತ್ತರ: ತಂಗೀ, ಕೊರತೆ ಇದ್ದಿದ್ರೆ ಈ ಕಾಗದ ಬರೀತಿರ್ಲಿಲ್ಲ ನೀನು. ನಂಬಿಕೆ ಬಗ್ಗೆ ತಲೆ ಕೆಡಿಸ್ಕೊಳ್ದೆ ಇರೋರು ಕೊನೇ ಸಾಲಲ್ಲಿ ಹಾಯಾಗಿ ಕೂತು ಎದ್ದು ಹೋಗ್ತಾರೆ, ನಿನಗೆ ಅಲ್ಲಿ ಕೂತಿರೋದೇ ಚುಚ್ತಾ ಇದೆ.

ಕರೆ ಅಂದ್ರೆ ನಮ್ಮ ತಲೇಲಿ ಒಂದು ಚಿತ್ರ ಕೂತುಬಿಟ್ಟಿದೆ, ಆಕಾಶದಿಂದ ಸ್ಪಷ್ಟವಾಗಿ ಹೆಸರು ಹಿಡಿದು ಕೂಗಿದ ಹಾಗೆ, ಕೂಗಿದ ತಕ್ಷಣ ಗೊತ್ತಾಗೋ ಹಾಗೆ. ಆದ್ರೆ ಹಾಗೆ ಹೆಸರು ಹಿಡಿದೇ ಕೂಗಿಸ್ಕೊಂಡ ಬೈಬಲ್ಲಿನ ಸಮುವೇಲನಿಗೇ ಗೊತ್ತಾಗ್ಲಿಲ್ವಲ್ಲ! ಒಂದನೇ ಸಮುವೇಲ 3ನೇ ಅಧ್ಯಾಯ ಇವತ್ತು ರಾತ್ರಿ ಇನ್ನೊಂದ್ಸಲ ನಿಧಾನಕ್ಕೆ ಓದು. ಆ ಹುಡುಗ ದೇವಾಲಯದಲ್ಲಿ ಮಲಗಿರ್ತಾನೆ, ದೇವರು ಕರೀತಾನೆ, ಇವನು ಎದ್ದು ಅಲ್ಲಿನ ಮುದುಕ ಯಾಜಕ ಏಲಿ ಹತ್ರ ಓಡ್ತಾನೆ, ಕರೆದ್ರಾ ಅಂತ. ನಾನು ಕರೀಲಿಲ್ಲ ಹೋಗಿ ಮಲಕ್ಕೋ ಅಂತಾನೆ ಏಲಿ. ಹೀಗೆ ಮೂರು ಸಲ. ಮೂರನೇ ಸಲ ಏಲಿಗೆ ಹೊಳೆಯುತ್ತೆ, ಕರೀತಿರೋದು ಯಾರು ಅಂತ. ಅಂದ್ರೆ ಕರೆ ಬಂದಿದ್ದು ಒಬ್ಬನಿಗೆ, ಅದನ್ನ ಗುರುತಿಸಿದ್ದು ಇನ್ನೊಬ್ಬ. ಇನ್ನೊಂದು ಮಾತು, ಇದನ್ನ ಚರ್ಚಿನ ಪ್ರವಚನಗಳಲ್ಲಿ ಯಾರೂ ಹೆಚ್ಚು ಹೇಳಿದ್ದು ನಾನು ಕೇಳಿಲ್ಲ: ಅಷ್ಟು ದೊಡ್ಡ ಮಾತು ಕೇಳಿಸ್ಕೊಂಡ ಆ ಹುಡುಗ ಬೆಳಿಗ್ಗೆ ಎದ್ದು ಮಾಡಿದ ಮೊದಲ ಕೆಲಸ ಆಲಯದ ಬಾಗಿಲು ತೆಗೆದಿದ್ದು.

ನನಗೆ ಆ ಬಾಗಿಲು ತುಂಬಾ ಇಷ್ಟ. ಯಾಕಂದ್ರೆ ನಾನು ಓದುವಾಗ ನನಗೂ ನಿನ್ನ ಥರಾನೇ ಆಗಿತ್ತು, ಯಾರೋ ಸೀನಿಯರ್ ಒಬ್ರು ಸಂಜೆ ಪ್ರಾರ್ಥನೆಗೆ ಮುಂಚೆ ಕುರ್ಚಿ ಮೇಲೆ ಹಾಡಿನ ಪುಸ್ತಕ ಇಡ್ತೀಯಾ ಅಂತ ಕೇಳಿದ್ರು, ಇಲ್ಲ ಅನ್ನೋಕೆ ನಾಚಿಕೆ ಆಗಿ ಹೂಂ ಅಂದೆ. ಹಳೇ ಪುಸ್ತಕಗಳು, ಬೆನ್ನು ಹರಿದು ಟೇಪ್ ಹಾಕಿದ್ದು, ಒಂದರಲ್ಲಂತೂ ಮೊದಲ ಹತ್ತು ಹಾಡೇ ಇರ್ಲಿಲ್ಲ, ಅದನ್ನ ಯಾವಾಗ್ಲೂ ನಾನು ಕೂರೋ ಜಾಗಕ್ಕೇ ಇಟ್ಕೊಳ್ತಿದ್ದೆ. ಮೂರು ವಾರ ಆದ್ಮೇಲೆ ಒಬ್ಬಳು ಜೂನಿಯರ್ ಬೇಗ ಬಂದು ಸುಮ್ನೆ ನನ್ನ ಜೊತೆ ಪುಸ್ತಕ ಇಡೋಕೆ ಶುರು ಮಾಡಿದ್ಲು, ಮಾತಿಲ್ಲ ಕತೆಯಿಲ್ಲ, ಒಂದಿನ ಇದ್ದಕ್ಕಿದ್ದ ಹಾಗೆ ಮನೆ ನೆನಪಾಗುತ್ತೆ ಅಂತ ಅತ್ತುಬಿಟ್ಲು. ಆಮೇಲೆ ಪ್ರತಿ ವಾರ ಅರ್ಧ ಗಂಟೆ ಮುಂಚೆನೇ ಬರ್ತಿದ್ವಿ ಇಬ್ರೂ. ನಿನಗೆ ಕೇಳಿಸ್ಕೊಳ್ಳೋಕೆ ಬರುತ್ತೆ ಕಣೇ ಅಂತ ಹೇಳಿದ್ದು ಅವಳೇ. ಇವತ್ತು ಈ ಅಂಕಣ ಬರೀತಿದೀನಲ್ಲ, ಅದರ ಬೇರು ಆ ಕುರ್ಚಿ ಸಾಲಲ್ಲಿದೆ.

ಅದಕ್ಕೇ ಹೇಳೋದು, ಮೊದಲು ಉದ್ದೇಶ ಸಿಗ್ಲಿ ಆಮೇಲೆ ತೊಡಗಿಸ್ಕೊಳ್ತೀನಿ ಅಂತ ಕಾಯ್ಬೇಡ. 1833ರಲ್ಲಿ ಪ್ಯಾರಿಸ್‌ನಲ್ಲಿ ಲಾ ಓದ್ತಿದ್ದ ಫ್ರೆಡೆರಿಕ್ ಒಜಾನಾಮ್ ಅನ್ನೋ ಹುಡುಗನ ಕತೆನೂ ಹೀಗೇ. ಗೆಳೆಯರ ಜೊತೆ ಚರ್ಚೆ ಮಾಡುವಾಗ ಧರ್ಮದ ಪರ ಜೋರಾಗಿ ವಾದ ಮಾಡ್ತಿದ್ದ, ಚರ್ಚು ಹಿಂದಿನ ಕಾಲದಲ್ಲಿ ಒಳ್ಳೇದು ಮಾಡಿರಬಹುದು, ಈಗ ನೀವೇನು ಮಾಡ್ತಿದೀರಾ ಅಂತ ಎದುರಿನೋರು ಕೇಳಿದ್ರು. ಉತ್ತರ ಇರ್ಲಿಲ್ಲ. ಆಗವನಿಗೆ 20 ವರ್ಷ. ಕೆಲವು ಗೆಳೆಯರು ಸೇರ್ಕೊಂಡು, ಬಡವರ ಮಧ್ಯೆ ಕೆಲಸ ಮಾಡ್ತಿದ್ದ ಸಿಸ್ಟರ್ ರೊಸಾಲಿ ರೆಂಡು ಅವರ ಹತ್ರ ಹೋಗಿ ದಾರಿ ಕೇಳಿ, ಬಡವರ ಮನೆಗಳಿಗೆ ಹೋಗೋಕೆ ಶುರು ಮಾಡಿದ್ರು. ಅದೇ ಮುಂದೆ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಆಯ್ತು, ಇವತ್ತಿಗೂ ಎಷ್ಟೋ ದೇಶಗಳಲ್ಲಿ ಕೆಲಸ ಮಾಡ್ತಿದೆ. ಒಜಾನಾಮ್ ಪಾದ್ರಿ ಏನೂ ಆಗ್ಲಿಲ್ಲ, ಸಾಹಿತ್ಯದ ಪ್ರೊಫೆಸರ್ ಆದ, ಮದುವೆ ಆದ, ಮಗಳ ತಂದೆ ಆದ. ಇಲ್ಲೂ ನೋಡು, ದಾರಿ ತೋರಿಸೋಕೆ ಒಬ್ರು ಹಿರಿಯರು ಬೇಕಾಯ್ತು.

ಈಗ ನಿನ್ನ ವಿಷಯ. ಆ ಏಳರಲ್ಲಿ ಆರನ್ನ ಮನಸ್ಸಿಂದ ತೆಗೆದುಹಾಕು, ಅಪರಾಧಿ ಭಾವನೆ ಬೇಡವೇ ಬೇಡ. ಒಂದೇ ಒಂದು ಆರಿಸ್ಕೋ, ಸ್ಟೇಜ್ ಮೇಲೆ ಕಾಣೋ ಕೆಲಸಕ್ಕಿಂತ ನೀನು ಒಂದು ವಾರ ಬರ್ದೆ ಇದ್ರೆ ಯಾರಿಗಾದ್ರೂ ಗೊತ್ತಾಗೋ ಕೆಲಸ ಆಗಿರ್ಲಿ. ಬಯಾಲಜಿ ಓದ್ತಿದೀಯಲ್ಲ, ಫಸ್ಟ್ ಇಯರ್‌ನೋರಿಗೆ ವಾರಕ್ಕೊಂದ್ಸಲ ಪಾಠ ಹೇಳಿಕೊಡೋದೂ ಸೇವೆನೇ, ಅದಕ್ಕೆ ಪ್ರಾರ್ಥನೆಯ ಲೇಬಲ್ ಅಂಟಿಸ್ಬೇಕಾಗಿಲ್ಲ. ಪಾದ್ರಿ ಕೆಲಸ ಮಾತ್ರ ದೇವರ ಕರೆ ಅಲ್ಲ, ದಿನನಿತ್ಯದ ದುಡಿಮೆನೂ ಕರೆನೇ ಅಂತ ಧರ್ಮ ಸುಧಾರಕ ಮಾರ್ಟಿನ್ ಲೂಥರ್ 16ನೇ ಶತಮಾನದಲ್ಲೇ ಬೋಧಿಸಿದ್ರು, ಲ್ಯಾಬಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತಿರೋ ನೀನೂ ಅದರಲ್ಲಿ ಸೇರ್ತೀಯ. ಒಂದು ಸೆಮಿಸ್ಟರ್ ಪೂರ್ತಿ ಬಿಡದೆ ಮಾಡು, ಮಧ್ಯದಲ್ಲಿ ಬೇಜಾರಾಗುತ್ತೆ, ಆಗ್ಲಿ.

ರೂಂಮೇಟ್ ಜೊತೆ ಹೋಲಿಸ್ಕೋಬೇಡ. ಅವಳ ಖಚಿತತೆ ನಿಜವೇ ಇರಬಹುದು, ಆದ್ರೆ ಅದು ಅವಳದು.

ಕೊನೇ ಸಾಲಿನ ವಿಷಯಕ್ಕೆ ಬಂದ್ರೆ, ಚಾಪೆಲ್ ನೋಡ್ಕೊಳ್ಳೋ ಪಾದ್ರಿ (ಚಾಪ್ಲೆನ್) ಹತ್ರ ಒಂದ್ಸಲ ಹೋಗಿ ನನಗೆ ಇಲ್ಲಿ ಏನೂ ಅನ್ನಿಸ್ತಿಲ್ಲ ಅಂತ ಇದ್ದಿದ್ದನ್ನ ಇದ್ದ ಹಾಗೆ ಹೇಳು. ಅವರು ಇಂಥ ಮಾತು ಎಷ್ಟು ಸಲ ಕೇಳಿರ್ತಾರೆ ಅಂತ ನಿನಗೆ ಗೊತ್ತಿಲ್ಲ. ನಿನಗೂ ಒಬ್ಬ ಏಲಿ ಬೇಕು ತಂಗೀ. ಅವರ ಹತ್ರ ಆಗ್ಲಿಲ್ಲ ಅಂದ್ರೆ ನಿನ್ನ ಮಾತಿಗೆ ಕಿವಿ ಕೊಡೋ ಒಬ್ಬ ಪ್ರೊಫೆಸರ್ ಆದ್ರೂ ಸರಿ. ರಾತ್ರಿ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಯಾವುದ್ರಲ್ಲೂ ಆಸಕ್ತಿ ಇಲ್ಲ ಅನ್ನೋ ಥರ ಇದ್ರೆ ಮಾತ್ರ ಅದನ್ನ ನಂಬಿಕೆಯ ಲೆಕ್ಕಕ್ಕೆ ಹಾಕ್ಬೇಡ, ಕೌನ್ಸೆಲರ್‌ನ ಈ ವಾರವೇ ನೋಡು.

ಪ್ರಶ್ನೆ: ನಾನು ಕ್ರೈಸ್ತ ಅಲ್ಲ, ಆದ್ರೆ ಇಂಥದ್ದೇ ಯೂನಿವರ್ಸಿಟಿಲಿ ಓದ್ತಿದೀನಿ. ಕ್ವಯರ್ (ಚರ್ಚ್ ಹಾಡಿನ ತಂಡ), ಸೇವಾ ತಂಡ ಎಲ್ಲ ನೋಡಿ ಆಸೆ ಆಗುತ್ತೆ. ಸೇರಬಹುದಾ, ಅಥವಾ ನಟನೆ ಆಗುತ್ತಾ?

ಉತ್ತರ: ಕೇಳಿ ಸೇರ್ಕೋ ತಮ್ಮಾ. ಎಷ್ಟೋ ಕಡೆ ಹಾಡೋಕೆ, ಸೇವೆ ಮಾಡೋಕೆ ಯಾವ ಧರ್ಮ ಅಂತ ಕೇಳಲ್ಲ. ಕೆಲವು ಕಡೆ ಮುಂದಾಳತ್ವದ ಸ್ಥಾನಗಳಿಗೆ ಮಾತ್ರ ನಂಬಿಕೆಯ ಹೇಳಿಕೆಗೆ ಸಹಿ ಹಾಕ್ಬೇಕಾಗುತ್ತೆ, ಅಂಥದ್ದನ್ನ ಪೂರ್ತಿ ಓದು, ಒಪ್ಪದೆ ಇರೋದಕ್ಕೆ ಸಹಿ ಹಾಕ್ಬೇಡ. ಕ್ವಯರ್ ನಡೆಸೋರಿಗೆ ಮೊದಲನೇ ದಿನವೇ ನಾನು ಇಂಥವನು, ಹಾಡು ಇಷ್ಟ, ಬರಬಹುದಾ ಅಂತ ನೇರವಾಗಿ ಕೇಳಿಬಿಡು. ಹಾಗೆ ಕೇಳಿ ಒಳಗೆ ಹೋದ್ಮೇಲೆ ನಟನೆ ಎಲ್ಲಿಂದ ಬರುತ್ತೆ?